ಆರು ಎಣಿಕೆಯ ಮಂತ್ರ

ಸೂಪೀರಿಯರ್, ವಿಸ್ಕಾನ್ಸಿನ್
೮ ಸೆಪ್ಟೆಂಬರ್ ೧೯೮೧

ಅಪ್ಪಾ,

ನಿನ್ನ ಚೀಟಿ ಶನಿವಾರ ಬೆಳಿಗ್ಗೆ ಸರಿಯಾದ ಹೊತ್ತಿಗೇ ಬಂತು. ಆದರೂ ಅದನ್ನು ತಳ್ಳಿಹಾಕಿದ್ದೇನೆ. ಕೋಪ ಮಾಡಿಕೊಳ್ಳುವ ಮೊದಲು ಕಾರಣ ಓದು.

ಆಟದಲ್ಲಿ ನಿನ್ನ ಮಂತ್ರವಾದಿ ಪೆಕ್ಕನಿಗಾಗಿ ನೀನು ಬರೆದದ್ದು ಹೀಗೆ: "ಕುಳ್ಳ ರಕ್ಕಸರು ಸೇತುವೆ ದಾಟಿದರೆ ಪೆಕ್ಕ ಬೆಂಕಿಗೋಡೆಯ ಮಂತ್ರ ಹೇಳುತ್ತಾನೆ. ದಾಟದಿದ್ದರೆ ಕಾಯುತ್ತಾನೆ. ಪಾಲೆಟ್‌ಗೆ ಗಾಯವಾದರೆ ಅವಳನ್ನು ಎಳೆದುಕೊಂಡು ಹಿಂದೆ ಸರಿಯುತ್ತಾನೆ. ಹಿಂದೆ ಜಾಗವಿಲ್ಲದಿದ್ದರೆ..." ಅಪ್ಪಾ, ಒಂದು ಚೀಟಿಯಲ್ಲಿ ಐದು ಶರತ್ತು! ಜೊತೆಗೆ ಆಡುವ ಪಾಲೆಟ್ ಓದಿ, "ಇದು ಚೀಟಿನಾ, ಇಲ್ಲಾ ವಕೀಲ್ರ ನೋಟೀಸಾ?" ಅಂದಳು.

ಚಳಿಗಾಲದಲ್ಲಿ ನೀನು ಊರಿಗೆ ಬಂದಿದ್ದಾಗ ಹೇಳಿದ್ದೆ, ಮತ್ತೆ ಹೇಳುತ್ತೇನೆ. ಒಂದು ಸುತ್ತು ಎಂದರೆ ಆಟದ ಲೋಕದಲ್ಲಿ ಒಂದು ನಿಮಿಷ, ಹತ್ತು ಎಣಿಕೆ. ಸುತ್ತು ಶುರುವಾಗುವ ಮೊದಲು ಪ್ರತಿಯೊಬ್ಬರೂ ತಾವು ಏನು ಮಾಡುತ್ತೇವೆಂದು ಚೀಟಿಯಲ್ಲಿ ಬರೆದು ಬೋರಲು ಹಾಕಬೇಕು. ಎದುರಿನವರು ಏನು ಮಾಡುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ನಾನು ದಾಳ ಹಾಕುತ್ತೇನೆ. ಕತ್ತಿ ಬೀಸುವವರಿಗೆ ಇದು ಕಷ್ಟವಲ್ಲ. ಮಂತ್ರ ಹೇಳುವವನಿಗೆ ಕಷ್ಟ. ನಿನ್ನ ಬೆಂಕಿಗೋಡೆಗೆ ಆರು ಎಣಿಕೆ ಬೇಕು. ಅಷ್ಟು ಹೊತ್ತು ಪೆಕ್ಕ ನಿಂತಲ್ಲೇ ನಿಂತು ಹೇಳುತ್ತಿರಬೇಕು. ನಡುವೆ ಒಂದು ಕಲ್ಲು ತಗುಲಿದರೂ ಮಂತ್ರ ಹೋಯಿತು, ನೆನಪಿನಿಂದಲೂ ಹೋಯಿತು. ಮನಸ್ಸು ಬದಲಿಸಿದರೂ ಹೋಯಿತು. ಅದಕ್ಕೇ ಮಂತ್ರವಾದಿಯ ಚೀಟಿಯಲ್ಲಿ ಶರತ್ತು ಇರಕೂಡದು.

ಹಾಗಾಗಿ ಈ ಸುತ್ತಿನಲ್ಲಿ ಪೆಕ್ಕ ಸುಮ್ಮನೆ ನಿಂತಿದ್ದ. ಪಾಲೆಟ್‌ಳ ಯೋಧೆಗೆ ತೊಡೆಯಲ್ಲಿ ಗಾಯ. ಮುಂದಿನ ಚೀಟಿ ಹತ್ತೊಂಬತ್ತರ ಒಳಗೆ ಬರಲಿ.

ಇನ್ನೊಂದು ಸುದ್ದಿ. ಅಮ್ಮ ಮತ್ತು ಕ್ಲಿಫ್ ಮದುವೆ ನವೆಂಬರಿನಲ್ಲಿ. ಕ್ಲಿಫ್‌ಗೆ ಅರಿಜೋನಾದ ಟೂಸಾನ್‌ನಲ್ಲಿ ಕೆಲಸ ಸಿಕ್ಕಿದೆ, ಡಿಸೆಂಬರ್ ಐದಕ್ಕೆ ಹೊರಡುವುದು. ನನ್ನನ್ನೂ ಕರೆದುಕೊಂಡು. ಅಲ್ಲಿ ಸರೋವರವೇ ಇಲ್ಲವಂತೆ.

ಆಯ್ಲಾ

&nbsp;

ಹ್ಯೂರಾನ್ ಸರೋವರ, ಹಡಗಿನಿಂದ
೧೪ ಸೆಪ್ಟೆಂಬರ್

ಪ್ರೀತಿಯ ಆಯ್ಲಾ,

ತೀರ್ಪುಗಾರ್ತಿಯ ತೀರ್ಪು ತಲುಪಿತು. ನಿನ್ನ ಕಾಗದ ಎಂದಿನಂತೆ ಡೆಟ್ರಾಯಿಟ್ ನದಿಯಲ್ಲಿ ಟಪಾಲು ದೋಣಿಯ ಹಗ್ಗದ ಬಕೆಟ್ಟಿನಲ್ಲಿ ಮೇಲೆ ಬಂತು. ಅಡುಗೆಯ ಬ್ರೂನೋನ ಬಟ್ಟೆಸೋಡಾ ಡಬ್ಬಿ ಅದೇ ಬಕೆಟ್ಟಿನಲ್ಲಿ ಒಡೆದಿತ್ತು, ಅದಕ್ಕೇ ಈ ಕಾಗದಕ್ಕೂ ಆ ವಾಸನೆ.

ಬ್ರೂನೋಗೆ ಆಟದ ವಿಷಯವೆಲ್ಲ ಗೊತ್ತು. ಊಟದ ಮೇಜಿನಲ್ಲಿ ಎಲ್ಲರ ಮುಂದೆ, "ಏನಪ್ಪಾ ಮಾಂತ್ರಿಕ, ಇವತ್ತಾದ್ರೂ ಯಾರ್ನಾದ್ರೂ ಸುಡ್ತೀಯೋ, ಇಲ್ಲಾ ಕಾಫಿ ಆರೋವರ್ಗೂ ಯೋಚ್ನೆ ಮಾಡ್ತಾನೇ ಕೂತಿರ್ತೀಯೋ?" ಎಂದು ಕೇಳುತ್ತಾನೆ. ನಲವತ್ತೆಂಟರ ಗಂಡಸು ಮಗಳ ಆಟಕ್ಕೆ ಟಪಾಲಿನಲ್ಲಿ ಚೀಟಿ ಕಳಿಸುವುದು ಅವನಿಗೆ ದೊಡ್ಡ ತಮಾಷೆ. ಆಗಲಿ. ನೀನು ನನ್ನ ಜೊತೆ ಒಂದು ಗಂಟೆ ಮಾತಾಡಿದ್ದು ಹೋದ ಚಳಿಗಾಲದಲ್ಲಿ, ಆ ದಾಳದ ಮೇಜಿನಲ್ಲಿ ಮಾತ್ರ. ಉಳಿದ ಹೊತ್ತು "ಹೂಂ", "ಊಹೂಂ". ಹಾಗಾಗಿ ನನಗೆ ಆ ಮೇಜು ಬೇಕು.

ಟೂಸಾನ್ ವಿಷಯ ಓದಿದೆ. ಎರಡು ದಿನ ಯೋಚಿಸಿದೆ. ಕಂಪನಿಯವರು ರಜೆ ಕೊಟ್ಟರೆ, ನಿನ್ನಮ್ಮ ಒಪ್ಪಿದರೆ, ನಿನಗೂ ಇಷ್ಟವಿದ್ದರೆ, ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ನಿಂತ ಮೇಲೆ ಏನಾದರೂ ಏರ್ಪಾಟು ಮಾಡಬಹುದೇನೋ. ನೋಡೋಣ.

ಪೆಕ್ಕನ ಚೀಟಿ ಮುಂದಿನ ಬಕೆಟ್ಟಿಗೆ ಹಾಕುತ್ತೇನೆ.

ನಿನ್ನ ಅಪ್ಪ,
ಆರ್ವೋ ನೀಮಿ

&nbsp;

ಸೂಪೀರಿಯರ್
೨೮ ಸೆಪ್ಟೆಂಬರ್

ಅಪ್ಪಾ,

ಹತ್ತೊಂಬತ್ತಕ್ಕೆ ಚೀಟಿ ಬರಲಿಲ್ಲ. ಇಪ್ಪತ್ತಾರಕ್ಕೂ ಬರಲಿಲ್ಲ. ನಿಯಮದ ಪ್ರಕಾರ ಚೀಟಿ ಇಲ್ಲದವನು ಸುಮ್ಮನೆ ನಿಂತಂತೆ. ಆದರೆ ನಾನು ಸುತ್ತನ್ನೇ ಶುರುಮಾಡಲಿಲ್ಲ. ಪಾಲೆಟ್‌ಗೆ ತಲೆನೋವು ಎಂದೆ. ತಲೆನೋವಿಲ್ಲದ ಪಾಲೆಟ್ ನಾವು ಆಡುವ ಚರ್ಚಿನ ನೆಲಮಾಳಿಗೆಯಲ್ಲಿ ಇಡೀ ಮಧ್ಯಾಹ್ನ ಚಿಪ್ಸ್ ತಿನ್ನುತ್ತ ಕೂತಿದ್ದಳು. ನಾನು ಇದುವರೆಗೆ ಯಾರಿಗೂ ಸುತ್ತು ನಿಲ್ಲಿಸಿಲ್ಲ. ಅದು ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಈಗ ಇನ್ನೊಂದು ವಿಷಯ. ನಿನ್ನ ಕಾಗದದಲ್ಲಿ ನನ್ನ ಬಗ್ಗೆ ಬರೆದ ಸಾಲಿನಲ್ಲೂ ಶರತ್ತು ಎಣಿಸಿದೆ. ಮೂರು.

ಅಮ್ಮನ ಹತ್ತಿರ ನಾನೇ ಮಾತಾಡಿದೆ. ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ತಿರುಗದೆಯೇ ಹೇಳಿದಳು: "ನಿಮ್ಮಪ್ಪ ದಡದಲ್ಲಿ ಇರ್ತೀನಿ ಅಂತ ತಾನಾಗಿ ಬಂದು ಹೇಳ್ಲಿ. ನಾವು ಹೊರಡೋದ್ರೊಳಗೆ ಈ ಮನೇಲಿ ಅವ್ನಿದ್ರೆ ನೀನು ಇಲ್ಲೇ ಇದ್ದು ಶಾಲೆ ಮುಗ್ಸು. ನಾನು ಬೇಡ ಅನ್ನಲ್ಲ. ಆದ್ರೆ ಹದಿನಾರು ವರ್ಷದ ಹುಡುಗೀನ ಖಾಲಿ ಮನೇಲಿ ಬಿಟ್ಟು ಹೋಗೋಕೆ ಆಗಲ್ಲ." ಆಮೇಲೆ ಇನ್ನೊಂದು ಹೇಳಿದಳು. "ಅವ್ನು ಹೇಳಲ್ಲ, ಕಂದಾ. ಹನ್ನೆರಡು ವರ್ಷ ನಾನೂ ಕಾದಿದ್ದೀನಿ." ಇದನ್ನು ನಿನಗೆ ಬರೆಯಬಾರದಿತ್ತೇನೋ. ಬರೆದೆ.

ಹಡಗಿನ ರೇಡಿಯೋ ಫೋನಿನಲ್ಲಿ ಮಾತ್ರ ಕರೆಯಬೇಡ. ನನ್ನ ಹುಟ್ಟುಹಬ್ಬಕ್ಕೆ ಕರೆದಾಗ ಸರೋವರದ ಹಡಗುಗಳೆಲ್ಲ ಕೇಳಿಸಿಕೊಂಡು, ಯಾವುದೋ ಹಡಗಿನವನು "ಚಿನ್ನಾ, ನಮ್ ಪಾಲಿನ ಕೇಕ್ ಎಲ್ಲಿ?" ಎಂದು ಕೇಳಿದ್ದ. ಬರೆದು ಕಳಿಸು.

ಆಯ್ಲಾ

&nbsp;

ಮಾರ್ಕ್ವೆಟ್ ಬಂದರು, ಮಿಶಿಗನ್
೧೦ ಅಕ್ಟೋಬರ್

ಪ್ರೀತಿಯ ಆಯ್ಲಾ,

ಮಂಜಿನಿಂದಾಗಿ ಆ ಸಲದ ಟಪಾಲು ದೋಣಿ ತಪ್ಪಿತು. ಇದು ನೆಪವಲ್ಲ, ಬೇಕಾದರೆ ಬ್ರೂನೋನ ಸಹಿ ಹಾಕಿಸಿ ಕಳಿಸುತ್ತೇನೆ. ನನಗಾಗಿ ಸುತ್ತು ನಿಲ್ಲಿಸಿದೆ ಎಂದು ಓದಿ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಪಾಳಿಗೆ ಹೋದೆ.

ನಿನ್ನಮ್ಮ ಹೇಳಿದ್ದು ಸುಳ್ಳಲ್ಲ. ನಾನು ಚುಕ್ಕಾಣಿ ಹಿಡಿಯುವವನು. ನನ್ನ ಕೆಲಸ ಎಂಥದೆಂದು ನಿನಗೆ ಎಂದೂ ಹೇಳಿಲ್ಲ. ಪಕ್ಕದಲ್ಲಿ ನಿಂತ ಅಧಿಕಾರಿ, "ಎಡಕ್ಕೆ ಹತ್ತು" ಅನ್ನುತ್ತಾನೆ. ನಾನು "ಎಡಕ್ಕೆ ಹತ್ತು" ಅನ್ನುತ್ತೇನೆ, ಆಮೇಲೆ ತಿರುಗಿಸುತ್ತೇನೆ. ಕೇಳಿದ್ದನ್ನು ತಿರುಗಿ ಹೇಳದೆ ಚಕ್ರ ಮುಟ್ಟುವಂತಿಲ್ಲ. ಇಪ್ಪತ್ತಮೂರು ವರ್ಷ ನನ್ನ ಬಾಯಿಂದ ಬಂದ ದೃಢವಾದ ಮಾತೆಲ್ಲ ಬೇರೆಯವರದು. ನನ್ನದೇ ಮಾತು ಹೇಳಬೇಕಾದಾಗ ಮೊದಲು ಯಾರಾದರೂ ಹೇಳಲಿ ಎಂದು ಕಾಯುತ್ತೇನೆ. ನಿನ್ನಮ್ಮ ಕಾದಳು, ನಾನೂ ಕಾದೆ. ಇಬ್ಬರೂ ಕಾಯುತ್ತ ಕೂತ ಮನೆಯಲ್ಲಿ ನೀನು ಬೆಳೆದೆ. ನನಗೆ ಅದರ ಬಗ್ಗೆ ನಾಚಿಕೆಯಿದೆ.

ದೊಡ್ಡ ವಿಷಯಕ್ಕೆ ಇನ್ನೂ ನಾಲಿಗೆ ಏಳುತ್ತಿಲ್ಲ. ಚಿಕ್ಕದರಿಂದ ಶುರುಮಾಡುತ್ತೇನೆ. ಇಗೋ ಚೀಟಿ:

ಪೆಕ್ಕ ಬೆಂಕಿಗೋಡೆಯ ಮಂತ್ರ ಹೇಳುತ್ತಾನೆ. ಸೇತುವೆಯ ಈಚೆ ತುದಿಯಲ್ಲಿ.

ಅಷ್ಟೇ. ಬರೆದ ಮೇಲೆ "ಆದರೆ" ಎಂದು ಸೇರಿಸಲು ಕೈ ತುರಿಸಿತು. ಲಕೋಟೆ ಅಂಟಿಸಿಬಿಟ್ಟೆ.

ಅಪ್ಪ

&nbsp;

ಸೂಪೀರಿಯರ್
೧೯ ಅಕ್ಟೋಬರ್

ಅಪ್ಪಾ,

ಚೀಟಿ ಬಂತು. ಬೋರಲು ಹಾಕಿದೆವು. ದಾಳ ಹಾಕಿದೆ.

ಪಾಲೆಟ್ ತನ್ನ ಚೀಟಿಯಲ್ಲಿ ಏನು ಬರೆದಿದ್ದಳು ಗೊತ್ತೇ? ತೊಡೆಯಲ್ಲಿ ಗಾಯವಿದ್ದರೂ ಪೆಕ್ಕನ ಮುಂದೆ ಬಂದು ಗುರಾಣಿ ಹಿಡಿದು ನಿಲ್ಲುತ್ತೇನೆ ಎಂದು. ನೀನು ಮಂತ್ರ ಹೇಳುತ್ತೀಯೆಂದು ಅವಳಿಗೆ ಗೊತ್ತಿರಲಿಲ್ಲ. "ಹೇಳಿದ್ರೂ ಹೇಳಬೋದು ಅಂತ ನಿಂತೆ ಕಣೇ," ಅಂದಳು. "ನಿಮ್ಮಪ್ಪ ಪಾಪ, ಎಷ್ಟಂತ ಸುಮ್ನೆ ನಿಂತಿರ್ತಾರೆ?"

ನಾನು ಎಣಿಸಿದೆ. ಒಂದು. ಎರಡು. ಮೂರನೆಯದಕ್ಕೆ ಒಂದು ಬಾಣ ಗುರಾಣಿಗೆ ಬಿತ್ತು. ಪಾಲೆಟ್ ಕುರ್ಚಿ ಮೇಲೆ ಎದ್ದು ನಿಂತಿದ್ದಳು. ನಾಲ್ಕನೆಯದಕ್ಕೆ ಮರದ ಮೇಲಿದ್ದವನ ಬಾಣ ಪೆಕ್ಕನ ಹೆಗಲಿಗೆ ತಗುಲಿತು. ಮಂತ್ರ ಹೋಯಿತು.

"ಸುಳ್ಳಾದ್ರೂ ಹೇಳೇ! ಆ ದಾಳ ಕೆಳಗೆ ಬಿದ್ದು ಮೇಜಿನ ಕಾಲಿಗೆ ತಾಗಿತ್ತು ಅನ್ನು, ಇನ್ನೊಂದ್ಸಲ ಹಾಕು," ಎಂದು ಪಾಲೆಟ್ ಜಗಳಕ್ಕೆ ಬಂದಳು. ತಾಗಿರಲಿಲ್ಲ. ನಾನು ಹಾಕಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಪೆಕ್ಕ ಬದುಕಿದ್ದಾನೆ, ಅವನ ಚಿಂತೆ ಬೇಡ.

ಇನ್ನು ನನಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನಾನು ಇಲ್ಲೇ ಇರಬೇಕು, ಅಪ್ಪಾ. ನಿನ್ನ ಜೊತೆ. ನವೆಂಬರ್ ಇಪ್ಪತ್ತೆಂಟು, ಶನಿವಾರ, ಹೊರಡುವ ಮುಂಚಿನ ಕೊನೆಯ ಆಟ. ಅಂದು ಎರಡು ಚೀಟಿ ನಿರೀಕ್ಷಿಸುತ್ತೇನೆ. ಒಂದು ಪೆಕ್ಕನದು, ಒಂದು ನಿನ್ನದು. ನಾನು ಉಳಿಯುತ್ತೇನೋ ಹೋಗುತ್ತೇನೋ ಎಂದು ಸೋಮವಾರ ಅಮ್ಮ ಶಾಲೆಗೂ ಮನೆಯೊಡತಿಗೂ ಹೇಳಬೇಕು. ಈ ಸಲ ನಾನು ಸುತ್ತು ನಿಲ್ಲಿಸುವಂತಿಲ್ಲ.

ಆಯ್ಲಾ

&nbsp;

ವೈಟ್‌ಫಿಶ್ ಕೊಲ್ಲಿ, ಲಂಗರು ಹಾಕಿದ ಹಡಗಿನಿಂದ
೨೨ ನವೆಂಬರ್

ಪ್ರೀತಿಯ ಆಯ್ಲಾ,

ಒಂದು ತಿಂಗಳು ನಾನು ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಶರತ್ತು ನುಸುಳಿರುತ್ತಿತ್ತು. ನಿನ್ನ ಕಣ್ಣಿಗೆ ಬೀಳದೆ ಹೋಗುತ್ತದೆಯೇ?

ಮೊನ್ನೆಯಿಂದ ಗಾಳಿ ಎದ್ದಿದೆ. ಹನ್ನೊಂದು ಹಡಗುಗಳು ಈ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ಅಡಗಿ ನಿಂತಿವೆ. ಚುಕ್ಕಾಣಿಯವನಿಗೆ ಕೆಲಸವಿಲ್ಲ. ಇವತ್ತು ಬೆಳಿಗ್ಗೆ ಕಪ್ತಾನರ ಕೋಣೆಗೆ ಹೋಗಿ, "ಈ ಖೇಪಿನ ಸರಕು ಇಳಿಸಿದ ಮೇಲೆ ನಾನು ಹಡಗು ಬಿಟ್ಟು ಇಳೀತೀನಿ," ಎಂದೆ. ಅವರು, "ಜ್ವರ ಗಿರ ಬಂದಿದ್ಯಾ ನೀಮಿ?" ಎಂದರು. ಇಲ್ಲ ಎಂದೆ. "ಬಿಟ್ಟು ಹೋದೋರು ವಾಪಸ್ ಬಂದ್ರೆ ಮತ್ತೆ ಕೆಳಗಿನಿಂದ ಶುರು, ಗೊತ್ತು ತಾನೆ? ಡೆಕ್ ತೊಳೀಬೇಕಾಗುತ್ತೆ." ಗೊತ್ತು ಎಂದೆ. ಅವರು ಹೇಳಿದ್ದನ್ನು ನಾನು ತಿರುಗಿ ಹೇಳಲಿಲ್ಲ, ಆಯ್ಲಾ. ನನ್ನದೇ ಮಾತು ಹೇಳಿ ಬಂದೆ. ಬ್ರೂನೋ ಕೇಳಿ ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ನನಗೊಬ್ಬನಿಗೇ ಎರಡು ಮೊಟ್ಟೆ ಜಾಸ್ತಿ ಹಾಕಿದ.

ಪೆಕ್ಕನಿಗೆ ಮಂತ್ರ ಉಳಿದಿಲ್ಲ. ಅವನು ದೊಣ್ಣೆ ಹಿಡಿದು ಪಾಲೆಟ್ ಪಕ್ಕದಲ್ಲಿ ನಿಲ್ಲುತ್ತಾನೆ. ಇದು ಅವನ ಚೀಟಿ.

ನನ್ನ ಚೀಟಿ: ಆರ್ವೋ ನೀಮಿ ಹಡಗು ಇಳಿದು ಸೂಪೀರಿಯರ್‌ಗೆ ಬರುತ್ತಾನೆ. ಆ ಮನೆಯ ಬಾಡಿಗೆ ಅವನು ಮುಂದುವರಿಸುತ್ತಾನೆ. ಮಗಳ ಜೊತೆ ಇರುತ್ತಾನೆ.

ಗಾಳಿ ನಿಂತು, ಹಡಗನ್ನು ಕೆಳಗಿನ ಸರೋವರಕ್ಕೆ ಇಳಿಸುವ ಬಾಗಿಲುಗಳ ಕಾಲುವೆ ದಾಟಿ, ಡೆಟ್ರಾಯಿಟ್ ತಲುಪಿದೊಡನೆ ಈ ಲಕೋಟೆ ಬಕೆಟ್ಟಿಗೆ. ಇಪ್ಪತ್ತೆಂಟಕ್ಕೆ ಇನ್ನೂ ಆರು ದಿನವಿದೆ. ಗಾಳಿ ಇಂದೋ ನಾಳೆಯೋ ನಿಲ್ಲುತ್ತದೆ.

ಅಪ್ಪ

&nbsp;

ಸೂಪೀರಿಯರ್
೭ ಡಿಸೆಂಬರ್

ಪ್ರೀತಿಯ ಆಯ್ಲಾ,

ಗಾಳಿ ನಿಂತದ್ದು ಇಪ್ಪತ್ತೆಂಟರ ಸಂಜೆ. ರೇಡಿಯೋ ಫೋನ್ ಬೇಡವೆಂದು ನೀನು ಬರೆದಿದ್ದೆ, ಅದನ್ನು ಮುಟ್ಟಲಿಲ್ಲ.

ಟಪಾಲು ದೋಣಿ ಸಿಕ್ಕಿದ್ದು ಡಿಸೆಂಬರ್ ಒಂದಕ್ಕೆ. ಓಹಾಯೋದಲ್ಲಿ ಅದಿರು ಇಳಿಸಲು ಕಟ್ಟೆ ಖಾಲಿಯಿಲ್ಲದೆ ಎರಡು ದಿನ ಹೊರಗೇ ಕಾದೆವು. ಇಳಿದವನೇ ಫೋನ್ ಪೆಟ್ಟಿಗೆಗೆ ಓಡಿದೆ. ನಿಮ್ಮ ಸಂಪರ್ಕ ತೆಗೆದಿದ್ದಾರೆ ಎಂದು ಫೋನ್ ಕಂಪನಿಯ ಹೆಂಗಸು ಹೇಳಿದಳು. ಪಾಲೆಟ್‌ಳ ಮನೆಯವರ ಹೆಸರು ನೆನಪಾಗಲಿಲ್ಲ. ಹೋದ ಚಳಿಗಾಲದಿಂದ ಆ ಹುಡುಗಿ ನನ್ನ ಮುಂದೆ ಗುರಾಣಿ ಹಿಡಿದು ನಿಂತಿದ್ದಾಳೆ, ಅವಳ ಮನೆ ಹೆಸರು ನಾನು ಕೇಳಿಯೇ ಇಲ್ಲ. ಬಸ್ಸು ಹತ್ತಿದೆ. ನಿನ್ನೆ, ಭಾನುವಾರ ಬೆಳಿಗ್ಗೆ ಇಲ್ಲಿ ಇಳಿದೆ.

ಮನೆಯೊಡತಿ ವುಕಲಿಚ್ ಬಾಗಿಲು ತೆಗೆದು, "ಅಯ್ಯೋ ದೇವ್ರೇ, ನಿನ್ನೆ ಬೆಳಗ್ಗೆ ಬರಬಾರ್ದಿತ್ತಾ?" ಎಂದಳು. ಅವಳ ಕೈಯಲ್ಲಿ ನನ್ನದೇ ಲಕೋಟೆ. ನೀವು ಹೊರಟು ಮೂರು ಗಂಟೆಯಾದ ಮೇಲೆ ಬಂದಿತ್ತಂತೆ. ಅದನ್ನು ಅರಿಜೋನಾಕ್ಕೆ ಕಳಿಸಲು ಹೇಳಿದೆ. ನಾನೇ ಒಡೆದು ಓದುವುದು ಸರಿ ಎನಿಸಲಿಲ್ಲ. ಅದು ನಿನ್ನ ಚೀಟಿ. ಖಾಲಿ ಮನೆಯ ಬೀಗದ ಕೈ ಅವಳಿಂದ ತೆಗೆದುಕೊಂಡೆ.

ಸಂಜೆ ಪಾಲೆಟ್ ಬಂದಳು. ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಂದ್ರಾ," ಎಂದಳು. "ಅವಳು ಮೊದ್ಲು ನಿಮ್ಮ ಜಾಗದಲ್ಲಿ ಖಾಲಿ ಚೀಟಿ ಬೋರಲು ಹಾಕಿದ್ಳು. ಮುಕ್ಕಾಲು ಗಂಟೆ ದಾಳ ಮುಟ್ಟಲಿಲ್ಲ. ಆಮೇಲೆ ಚೀಟಿ ಮಗುಚಿ, 'ಸುಮ್ನೆ ನಿಂತಿದ್ದಾರೆ' ಅಂತ ಬರ್ಕೊಂಡ್ಳು. ಅಷ್ಟೇ. ಅಳಲಿಲ್ಲ ಏನಿಲ್ಲ. ಅತ್ತಿದ್ರೆ ಚೆನ್ನಾಗಿರ್ತಿತ್ತು." ನಾನು ಕಾಫಿ ಬೇಕೇ ಎಂದೆ. ಮನೆಯಲ್ಲಿ ಲೋಟವೇ ಇರಲಿಲ್ಲ.

ಕಪ್ತಾನರು ತಂತಿ ಕಳಿಸಿದ್ದಾರೆ. ಗುರುವಾರದವರೆಗೆ ನನ್ನ ಜಾಗಕ್ಕೆ ಯಾರನ್ನೂ ಹಾಕುವುದಿಲ್ಲವಂತೆ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ, ಮಗಳು ಹೊರಟುಹೋದ ಮೇಲೆ ಇಲ್ಲೇನು ಕೆಲಸ ಎಂದು. ನನಗೆ ಒಂದು ವಿಷಯ ತಿಳಿಯಬೇಕಿದೆ, ತೀರ್ಪುಗಾರ್ತಿ. ಮಂತ್ರ ಶುರುಮಾಡಿದ ಮೇಲೆ, ಯಾರಿಗಾಗಿ ಹೇಳುತ್ತಿದ್ದಾನೋ ಅವರು ದೂರ ಸರಿದುಹೋದರೆ, ಮಂತ್ರವಾದಿ ಏನು ಮಾಡಬೇಕು?

ನಿನ್ನ ಕೋಣೆಯ ಗೋಡೆಯಲ್ಲಿ ಅಂಟಿನ ಗುರುತುಗಳಿವೆ. ಅಲ್ಲಿ ನಕ್ಷೆಗಳಿದ್ದವು, ಅಲ್ಲವೇ? ನಾನು ಅವನ್ನು ಸರಿಯಾಗಿ ನೋಡಿರಲಿಲ್ಲ.

ಅಪ್ಪ

&nbsp;

ಟೂಸಾನ್, ಅರಿಜೋನಾ
೧೬ ಡಿಸೆಂಬರ್

ಅಪ್ಪಾ,

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ನೀನು ಏಳಕ್ಕೆ ಬರೆದದ್ದನ್ನು ಮೊದಲು ಓದಿದೆ, ಚೀಟಿಯನ್ನು ಆಮೇಲೆ. ತಲೆಕೆಳಗು. ಮತ್ತೆ ಸರಿಯಾದ ಕ್ರಮದಲ್ಲಿ ಓದಿದೆ.

ತೀರ್ಪು ಹೇಳಲೇಬೇಕು. ಲಕೋಟೆಯ ಮುದ್ರೆ ಡಿಸೆಂಬರ್ ಒಂದರದು. ನಾನು ಚೀಟಿ ತೆರೆದದ್ದು ಇಪ್ಪತ್ತೆಂಟಕ್ಕೆ. ಆ ಸುತ್ತಿನಲ್ಲಿ ನೀನು ಸುಮ್ಮನೆ ನಿಂತಿದ್ದೆ. ಅದನ್ನು ತಿದ್ದಲಾರೆ. ತಿದ್ದಿದರೆ ಪಾಲೆಟ್‌ಳ ಗಾಯವನ್ನೂ ತಿದ್ದಬೇಕಾಗುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ: ಎದುರಿನವರು ಸರಿದುಹೋದರೂ ಮಂತ್ರ ನಿಲ್ಲುವುದಿಲ್ಲ. ಎಣಿಕೆ ಮುಗಿಯುವ ತನಕ ಅವನು ನಿಂತು ಹೇಳಲೇಬೇಕು. ಅಷ್ಟರಲ್ಲಿ ಅವರು ಹತ್ತಿರ ಬಂದರೂ ಬರಬಹುದು. ಅದು ಮಂತ್ರವಾದಿಗೆ ಗೊತ್ತಿರುವುದಿಲ್ಲ.

ಅಮ್ಮನಿಗೆ ಎರಡೂ ಕಾಗದ ತೋರಿಸಿದೆ. ಅಮ್ಮ ಓದಿ ಮಡಿಸಿಟ್ಟಳು. ಆಮೇಲೆ, "ಹೇಳಿದ್ದು ನೋಡಿದೆ. ಇರೋದು ನೋಡ್ಬೇಕು," ಎಂದಳು. "ಮಾರ್ಚಲ್ಲಿ ಹಡಗು ಬಿಡ್ತಾರಲ್ಲ, ಆಗ ನೋಡೋಣ. ಜೂನ್ ತನಕ ಅವ್ನು ದಡದಲ್ಲೇ ಇದ್ರೆ ನೀನು ಹೋಗಿ ಕೊನೇ ವರ್ಷ ಅಲ್ಲೇ ಓದು. ಮಾತು ಕೊಡ್ತೀನಿ."

ಜನವರಿಯಿಂದ ಜೂನ್. ತಿಂಗಳಿಗೊಂದು ಎಣಿಕೆ. ಪೆಕ್ಕನ ಮಂತ್ರದಷ್ಟೇ ಉದ್ದ. ಹಡಗು ಹತ್ತಿದರೆ ಹೋಯಿತು.

ಗುರುವಾರ ಕಳೆದುಹೋಗಿದೆ. ನೀನು ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಮನೆಯ ವಿಳಾಸಕ್ಕೇ ಇದನ್ನು ಕಳಿಸುತ್ತಿದ್ದೇನೆ.

ಆಯ್ಲಾ

&nbsp;

ಸೂಪೀರಿಯರ್
೨ ಏಪ್ರಿಲ್ ೧೯೮೨

ಪ್ರೀತಿಯ ಆಯ್ಲಾ,

ಜನವರಿಯಿಂದ ಪ್ರತಿ ತಿಂಗಳು ಎಣಿಕೆಯ ಒಂದು ಅಂಕಿ ಬರೆದ ಕಾರ್ಡು ಕಳಿಸುತ್ತ ಬಂದೆ. ಈ ಸಲ ಕಾರ್ಡು ಸಾಲದು.

ಈಗ ನನಗೆ ಧಾನ್ಯದ ಉಗ್ರಾಣದಲ್ಲಿ ಗುಡಿಸುವ ಕೆಲಸ. ಮೂಗಿನಲ್ಲೂ ಗೋಧಿ, ಕಿವಿಯಲ್ಲೂ ಗೋಧಿ. ಶನಿವಾರ ಪಾಲೆಟ್ ಬಂದು ನನಗೆ ನಿಯಮ ಹೇಳಿಕೊಡುತ್ತಾಳೆ. ಅವಳ ಮನೆ ಹೆಸರು ಡೂಸೆಟ್. ಕೇಳಿ ತಿಳಿದುಕೊಂಡೆ.

ನಿನ್ನೆ ಐಸ್ ಒಡೆಯಿತು. ಇವತ್ತು ಮಧ್ಯಾಹ್ನ ನಮ್ಮ ಹಡಗು ಇಲ್ಲಿಂದಲೇ ಹೊರಟಿತು, ಈ ವರ್ಷದ ಮೊದಲ ಖೇಪು. ಬೆಳಿಗ್ಗೆ ಬ್ರೂನೋ ಮನೆಗೆ ಬಂದಿದ್ದ, ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡೇ. "ಚುಕ್ಕಾಣಿಗೆ ಯಾರೋ ಎಳಸು ಬಂದವ್ನೆ ಕಣೋ, ಕಟ್ಟೆಗೆ ಗುದ್ದುಸ್ತಾನೆ. ಕಪ್ತಾನ್ರೇ ಕಳ್ಸಿದ್ರು. ನಿನ್ನ ಹಳೇ ಜಾಗಾನೇ ಕೊಡ್ತಾರಂತೆ. ಬಾರೋ ಮಾರಾಯಾ, ಬ್ಯಾಗ್ ನಾನೇ ಹೊತ್ಕೋತೀನಿ." ನಾನು ಬರುವುದಿಲ್ಲ ಎಂದೆ. "ಆ ಹುಡುಗಿ ಜೂನಲ್ಲಿ ಬರ್ದೇ ಹೋದ್ರೆ ಏನ್ಮಾಡ್ತೀಯಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅವನು ಒಂದು ಇಡೀ ಪುಲ್ಲಾ ಸಿಹಿ ಬ್ರೆಡ್ಡು ಮೇಜಿನ ಮೇಲಿಟ್ಟು, ಮೂಗು ಒರೆಸಿಕೊಳ್ಳುತ್ತ ಹೋದ.

ಮಧ್ಯಾಹ್ನ ಉಗ್ರಾಣದ ಕಿಟಕಿಯಲ್ಲಿ ನಿಂತಿದ್ದೆ. ಹಡಗು ಬಂದರಿನ ಬಾಯಿ ದಾಟುವಾಗ ಕಪ್ತಾನರು ಕೂಗು ಹಾಕಿಸಿದರು, ಮೂರು ಉದ್ದ, ಎರಡು ಗಿಡ್ಡ, ಹಡಗಿನ ನಮಸ್ಕಾರ. ಅದು ನನಗೇ ಎಂದು ಗೊತ್ತಾಯಿತು. ನನ್ನ ಎರಡು ಕೈಗಳೂ ತಾವಾಗಿ ಪೊರಕೆಯನ್ನು ಚಕ್ರದ ಹಾಗೆ ಹಿಡಿದಿದ್ದವು. ಇಪ್ಪತ್ತಮೂರು ವರ್ಷದಲ್ಲಿ ಆ ಕೂಗನ್ನು ದಡದಿಂದ ಕೇಳಿದ್ದು ಇದೇ ಮೊದಲು. ಹೋಗಬೇಕೆನಿಸಿತು, ಆಯ್ಲಾ. ಸುಳ್ಳು ಹೇಳುವುದಿಲ್ಲ. ಮೆಟ್ಟಿಲಿನ ತನಕ ಹೋದೆ. ಮೂರು ಮೆಟ್ಟಿಲು ಇಳಿದೆ. ಆಮೇಲೆ ಕೂತುಬಿಟ್ಟೆ. ಹಡಗು ಕಾಣದಾಗುವ ತನಕ ಕೂತಿದ್ದೆ.

ನೀನು ನಿಷ್ಠುರವಾಗಿ ತೀರ್ಪು ಹೇಳುವವಳು. ಅದಕ್ಕೇ ಮುಚ್ಚಿಡದೆ ಕೇಳುತ್ತೇನೆ. ಮೂರನೆಯ ಎಣಿಕೆ ಮುಗಿದು ನಾಲ್ಕನೆಯದು ಶುರುವಾದ ದಿನ, ಮಂತ್ರವಾದಿ ಹೀಗೆ ಅಲ್ಲಾಡಿಹೋದ. ಮಂತ್ರ ಮುರಿಯಿತೇ?

ಅಪ್ಪ

&nbsp;

ಟೂಸಾನ್
೯ ಏಪ್ರಿಲ್

ಅಪ್ಪಾ,

ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದೆ. ಬಾಣ ತಗುಲಿದರೆ, ಏಟು ಬಿದ್ದರೆ, ಯಾರಾದರೂ ಹಿಡಿದು ಎಳೆದರೆ, ಬಾಯಿ ಮುಚ್ಚಿದರೆ ಏನಾಗುತ್ತದೆಂದು ಬರೆದಿದೆ. ಬೇರೆ ಕಡೆ ಹೋಗಬೇಕೆಂದು ಆಸೆಯಾದರೆ ಏನಾಗುತ್ತದೆಂದು ಎಲ್ಲೂ ಬರೆದಿಲ್ಲ. ಪುಸ್ತಕದಲ್ಲಿ ಇಲ್ಲದ್ದಕ್ಕೆ ತೀರ್ಪುಗಾರ್ತಿ ಹೇಳಿದ್ದೇ ನಿಯಮ.

ಮುರಿದಿಲ್ಲ.

ಮೂರು ಮೆಟ್ಟಿಲಿನ ವಿಷಯ ಅಮ್ಮನಿಗೂ ಓದಿ ಹೇಳಿದೆ. ಮುಚ್ಚಿಡೋಣವೆಂದುಕೊಂಡಿದ್ದೆ, ಆಗಲಿಲ್ಲ. ಅಮ್ಮ ಕನ್ನಡಕ ತೆಗೆದು ಒರೆಸುತ್ತ, "ಕೂತ್ಕೊಂಡ್ನಾ? ಆರ್ವೋ?" ಎಂದಳು. ಮತ್ತೆ ಓದಿಸಿದಳು. ಆಮೇಲೆ ಬಸ್ಸಿನ ವೇಳಾಪಟ್ಟಿ ಎಲ್ಲಿದೆ ಎಂದು ಕೇಳಿದಳು. ಎರಡು ಕಡೆ ಬಸ್ಸು ಬದಲಿಸಬೇಕು. ಜೂನ್ ಹನ್ನೆರಡು, ಶನಿವಾರ ಮಧ್ಯಾಹ್ನ ಸೂಪೀರಿಯರ್‌ಗೆ ಬಂದು ಸೇರುತ್ತೇನೆ. ಅಂದು ಆಟ ಬೇಡವೆಂದು ಪಾಲೆಟ್‌ಗೆ ಹೇಳು. ನನಗೆ ನಿನ್ನ ಹತ್ತಿರ ಸುಮ್ಮನೆ ಕೂರಬೇಕು.

ಇಲ್ಲಿ ರಸ್ತೆಯ ಕೊನೆಯಲ್ಲಿ ಒಂದು ರೈಲು ಹಾಯುತ್ತದೆ. ಅದು ಕೂಗಿದಾಗಲೆಲ್ಲ ಹಡಗೆಂದುಕೊಂಡು ಎದ್ದು ನಿಲ್ಲುತ್ತೇನೆ. ಇದನ್ನು ನಿನಗೆ ಹೇಳಿರಲಿಲ್ಲ.

ನಾಲ್ಕು, ಅಪ್ಪಾ. ನಿಂತಿರು.

ನಿನ್ನ ಮಗಳು,
ಆಯ್ಲಾ